ಊರ ಸಾರು ಯಾವ ಊರಿನದು

ನನ್ನ ಭಾವ ಸಿಟ್ಟು ಬಂದಾಗ ಬಾಯಿಗೆ ಮೊಳೆ ಹಾಕಿಕೊಳ್ಳುತ್ತಾರೆ. ಸೋಫಾ ರಿಪೇರಿ ಅವರ ಕಸುಬು. ಸಣ್ಣ ಮೊಳೆಗಳನ್ನು ತುಟಿಯಲ್ಲಿ ಕಚ್ಚಿಕೊಂಡು ಒಂದೊಂದನ್ನೇ ತೆಗೆದು ಹೊಡೆಯುವುದು ಹಳೆಯ ಅಭ್ಯಾಸ. ಈಗ ಪಿನ್ನು ಹೊಡೆಯುವ ಗನ್ ಬಂದಿದೆ, ಮೊಳೆಯ ಕೆಲಸ ಅಷ್ಟಾಗಿ ಇಲ್ಲ. ಆದರೂ ಯಾರೊಂದಿಗಾದರೂ ಮಾತು ಬೆಳೆಯುವ ಹಾಗಿದ್ದರೆ ಡಬ್ಬಿಗೆ ಕೈ ಹಾಕಿ ನಾಲ್ಕು ಮೊಳೆ ತುಟಿಗೆ ಸಿಕ್ಕಿಸಿಕೊಳ್ಳುತ್ತಾರೆ. ಆಮೇಲೆ ಬೈಯಲು ಆಗುವುದಿಲ್ಲವಲ್ಲ, ಅದಕ್ಕೆ.

ಆ ವರ್ಷ ಅವರ ಬಾಯಲ್ಲಿ ಮೊಳೆ ಇಲ್ಲದ ದಿನವೇ ಇರಲಿಲ್ಲ. ಅದಕ್ಕೆಲ್ಲ ಕಾರಣ ಒಂದು ಸಾರು.

ನಾನು ಅವರ ಹೆಂಡತಿಯ ತಮ್ಮ. ಅವರ ಅಂಗಡಿಯ ಪಕ್ಕದಲ್ಲೇ ಕೂತು ಛತ್ರಿ, ಬ್ಯಾಗು ರಿಪೇರಿ ಮಾಡುತ್ತೇನೆ. ಮಧ್ಯಾಹ್ನದ ಊಟ ಇಬ್ಬರದೂ ಒಟ್ಟಿಗೆ, ಹರಿದ ಫೋಮಿನ ಗುಡ್ಡೆಗೂ ರೆಕ್ಸಿನ್ ಸುರುಳಿಗಳಿಗೂ ನಡುವೆ ಇರುವ ಜಾಗದಲ್ಲಿ. ಅಕ್ಕ ಕಳಿಸಿದ ಡಬ್ಬಿಯಲ್ಲಿ ಊರ ಸಾರು ಇದ್ದರೆ ಭಾವನಿಗೆ ಮುಚ್ಚಳ ತೆಗೆಯುವ ಮೊದಲೇ ಗೊತ್ತಾಗುತ್ತಿತ್ತು. ಸುತ್ತಿಗೆಯನ್ನು ಅಲ್ಲೇ ಬಿಟ್ಟು ಕೈ ತೊಳೆಯಲು ಓಡುತ್ತಿದ್ದರು.

ಊರ ಸಾರು ಅಂದರೆ ಹೀಗೆ. ಈರುಳ್ಳಿಯನ್ನು ಸಿಪ್ಪೆಯ ಸಮೇತ ಬೆಂಕಿಗೆ ಹಿಡಿದು ಇದ್ದಿಲಿನ ಹಾಗೆ ಕಪ್ಪಗೆ ಮಾಡಬೇಕು. ಸಿಪ್ಪೆ ತೆಗೆದು ಜಜ್ಜಬೇಕು, ಕರಿ ಪೂರ್ತಿ ಹೋಗಬಾರದು. ಬಾಣಲೆಯಲ್ಲಿ ಹಿಟ್ಟನ್ನು ಹುರಿಯಬೇಕು, ಕೆಂಪಾದರೂ ಇಳಿಸದೆ, ಕಂದಾದರೂ ಇಳಿಸದೆ, ಇನ್ನೇನು ಹಾಳಾಯಿತು ಅನ್ನುವವರೆಗೆ. ಎರಡನ್ನೂ ನೀರಿಗೆ ಹಾಕಿ ಕುದಿಸಿ, ಉಪ್ಪು ಹಾಕಿ, ಕೊನೆಗೆ ನಿಂಬೆಹಣ್ಣು ಹಿಂಡಬೇಕು. ಯಾರಾದರೂ ತಲೆ ಸರಿ ಇರುವವರು ಹಿಂಡುವುದಕ್ಕಿಂತ ದುಪ್ಪಟ್ಟು. ಮೊದಲ ತುತ್ತಿಗೆ ಕಣ್ಣು ಮುಚ್ಚಿಹೋಗುತ್ತದೆ. ಆದರೆ ಒಂದು ಸಲ ರುಚಿ ಹತ್ತಿತೋ, ಪಾತ್ರೆಯ ತಳ ಕೆರೆಯುವವರೆಗೆ ಬಿಡುವುದಿಲ್ಲ. ನನಗೇ ಹಾಗೆ ಆಯಿತು.

ಅದಕ್ಕೆ ಊರ ಸಾರು ಅನ್ನುವ ಹೆಸರು ಬಂದದ್ದು ಭಾವನ ಅಜ್ಜಿಯಿಂದ, ಅಂದರೆ ಅವರ ತಂದೆಯ ತಾಯಿಯಿಂದ. ಅಜ್ಜಿ ರೈಲು ದಾರಿಯ ಕೊನೆಯಲ್ಲಿರುವ ಬೆಟ್ಟದ ಕೆಳಗಿನ ಒಂದು ಊರಿನವಳು. ಮದುವೆಯಾಗಿ ಇತ್ತ ಬಂದಾಗ ಆ ಊರಿನ ಸಾರನ್ನೂ ಜೊತೆಗೆ ತಂದಳು ಎಂಬುದು ಮನೆಯ ಕಥೆ. ಇದನ್ನು ಎಲ್ಲರಿಗಿಂತ ಚೆನ್ನಾಗಿ ಹೇಳುತ್ತಿದ್ದವರು ಭಾವನ ಅಕ್ಕ. ಬೆನ್ನ ಹಿಂದೆ ನಾವು ಅವರನ್ನು ಹೆಡ್‌ಮೇಡಂ ಅನ್ನುತ್ತಿದ್ದೆವು. ಅವರು ಯಾವ ಶಾಲೆಯಲ್ಲೂ ಕೆಲಸ ಮಾಡಿದವರಲ್ಲ, ಮನೆಯನ್ನೇ ಶಾಲೆ ಮಾಡಿಕೊಂಡವರು. ಅವರ ಬಾಯಲ್ಲಿ ಆ ಊರಿಗೆ ಪ್ರತಿ ಸಲ ಒಂದೊಂದು ಹೊಸ ಚಂದ ಸೇರುತ್ತಿತ್ತು. ಹೊಲದಿಂದ ಬಂದವರು ಕೆಂಡದಲ್ಲಿ ಈರುಳ್ಳಿ ಹೂಳಿ ಕೈ ಕಾಯಿಸುತ್ತಿದ್ದರಂತೆ. ಮನೆಗೊಂದು ನಿಂಬೆಗಿಡ ಇತ್ತಂತೆ. ಇಡೀ ಬೀದಿ ಒಂದೇ ವಾಸನೆ ಹೊಡೆಯುತ್ತಿತ್ತಂತೆ. ಅವರು ಆ ಊರನ್ನು ನೋಡಿಯೇ ಇರಲಿಲ್ಲ. ಭಾವನೂ ನೋಡಿರಲಿಲ್ಲ. ಆದರೂ ಯಾರಾದರೂ "ನಿಮ್ಮ ಮೂಲ ಎಲ್ಲಿ?" ಎಂದು ಕೇಳಿದರೆ ಭಾವ ಎದೆ ಉಬ್ಬಿಸಿ ಆ ಊರಿನ ಹೆಸರನ್ನೇ ಹೇಳುತ್ತಿದ್ದರು.

ಹೀಗಿರುವಾಗ ಒಬ್ಬರು ರಿಟೈರ್ಡ್ ನರ್ಸ್ ತಮ್ಮ ಹಳೆಯ ಸೋಫಾ ತಂದರು. ಸ್ಪ್ರಿಂಗು ಕುಸಿದಿತ್ತು, ಕೆಳಗಿನ ಸೆಣಬಿನ ಪಟ್ಟಿ ಪುಡಿಪುಡಿ. ಮಾತಿಗೆ ಮಾತು ಬಂದು ಅವರು ಅದೇ ಊರಿನಲ್ಲಿ ಹುಟ್ಟಿ ಬೆಳೆದವರು ಎಂದು ತಿಳಿಯಿತು. ಭಾವನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಮಾರನೆಯ ದಿನವೇ ಅಕ್ಕನ ಕೈಲಿ ಸಾರು ಮಾಡಿಸಿ, ಡಬ್ಬಿ ಹಿಡಿದು ಅವರಿಗಾಗಿ ಕಾಯುತ್ತಾ ಕೂತರು.

ನರ್ಸಮ್ಮ ಬಂದರು, ಚಮಚದಲ್ಲಿ ಬಾಯಿಗಿಟ್ಟರು, ಮುಖ ಕಿವುಚಿದರು.

"ಸ್ವಲ್ಪ ಸೀದಿದೆ ಅಲ್ವಾ?"

"ಸೀದಿಲ್ಲಮ್ಮ, ಅದು ಹಾಗೇ ಇರೋದು. ನಿಮ್ಮೂರ ಸಾರು!"

"ನಮ್ಮೂರದಾ?" ಎಂದು ಅವರು ಡಬ್ಬಿಯನ್ನು ಬಗ್ಗಿ ನೋಡಿದರು. "ನಮ್ಮೂರಲ್ಲಿ ಇಂಥದ್ದು ಯಾರೂ ಮಾಡಲ್ಲಪ್ಪ. ನಾನಂತೂ ಕಂಡಿಲ್ಲ."

"ನೀವು ಮರೆತಿರಬೇಕು."

"ನಾನು ರೋಗಿಗಳ ಹೆಸರು ಮರೀತೀನಿ. ಊಟ ಮರೆಯಲ್ಲ."

ಭಾವನ ಕೈ ಮೊಳೆಯ ಡಬ್ಬಿಗೆ ಹೋಯಿತು.

ಅವತ್ತಿಂದ ಆ ಸೋಫಾ ಮೂಲೆಗೆ ಬಿತ್ತು. ಬೇರೆಲ್ಲ ಕೆಲಸ ನಡೆಯುತ್ತಿತ್ತು, ಅದೊಂದು ಮಾತ್ರ ಹೊಟ್ಟೆ ಬಿಚ್ಚಿಕೊಂಡು ಗೋಡೆಗೆ ಒರಗಿ ನಿಂತಿತ್ತು. "ಭಾವ, ಪಾಪ ಅವರು ನೆಲದ ಮೇಲೆ ಕೂರ್ತಿದ್ದಾರಂತೆ" ಎಂದೆ. "ಕೂರ್ಲಿ. ಸೀದಿದೆಯಂತೆ!" ಎಂದರು. ರಾತ್ರಿ ಮನೆಯಲ್ಲೂ ಅದೇ ಮಾತು. ಕೊನೆಗೆ ಅಕ್ಕ ನನ್ನನ್ನು ಕರೆದು, "ಇವರನ್ನ ಆ ಊರಿಗೆ ಒಂದ್ಸಲ ಕರ್ಕೊಂಡು ಹೋಗಿಬಾರೋ. ನನ್ನ ತಲೆ ಉಳಿಯುತ್ತೆ" ಎಂದಳು.

ಹೋದೆವು. ರೈಲಿನಲ್ಲಿ ಕಿಟಕಿಯ ಪಕ್ಕ ಕೂತ ಭಾವ ಮದುವೆ ದಿಬ್ಬಣಕ್ಕೆ ಹೊರಟವರ ಹಾಗೆ ಇಸ್ತ್ರಿ ಅಂಗಿ ಹಾಕಿದ್ದರು. ಸ್ಟೇಷನ್ನಿನಲ್ಲಿ ಇಳಿದರೆ ಕಂಡದ್ದು ಸಿಮೆಂಟಿನ ಗೋದಾಮು, ಮೊಬೈಲ್ ಅಂಗಡಿಗಳು, ಲಾರಿಗಳ ಸಾಲು. ಬೆಟ್ಟ ಇತ್ತು, ಅರ್ಧಕ್ಕೆ ಕಡಿದಿದ್ದರು. ನಿಂಬೆಗಿಡ ಹುಡುಕಿದರೂ ಇರಲಿಲ್ಲ.

ಮೊದಲ ಹೋಟೆಲಿನಲ್ಲಿ ಕೇಳಿದೆವು. "ಕಪ್ಪು ಈರುಳ್ಳಿ ಸಾರಾ? ಇಲ್ಲ ಸಾರ್." ಎರಡನೆಯದರಲ್ಲೂ ಇಲ್ಲ. ತರಕಾರಿ ಮಾರುವ ಮುದುಕಿಯೊಬ್ಬಳಿಗೆ ಭಾವ ಕೈಬಾಯಿ ಆಡಿಸಿ ಮಾಡುವ ಕ್ರಮವನ್ನೆಲ್ಲ ವಿವರಿಸಿದರು. ಅವಳು ಸಾವಧಾನವಾಗಿ ಕೇಳಿಸಿಕೊಂಡು, "ಒಲೆ ಮೇಲಿಟ್ಟು ಮರೆತರೆ ನಮ್ಮನೇಲೂ ಹಾಗೇ ಆಗುತ್ತೆ" ಎಂದಳು. ಪಕ್ಕದ ಅಂಗಡಿಯವರೆಲ್ಲ ನಕ್ಕರು. ಭಾವನ ಕಿವಿ ಕೆಂಪಾಯಿತು. ಹಳೆಯ ಬೀದಿ ಯಾವುದು ಎಂದು ಕೇಳಿಕೊಂಡು ಹೋಗಿ ಬಾಗಿಲು ಬಾಗಿಲು ತಟ್ಟಿದರು. ಒಬ್ಬರು ನಮ್ಮನ್ನು ಮಸಾಲೆಪುಡಿ ಮಾರುವವರು ಎಂದು ತಿಳಿದು ಬಾಗಿಲು ಹಾಕಿಕೊಂಡರು. ಮತ್ತೊಬ್ಬ ಯಜಮಾನರು ಒಳಗೆ ಕರೆದು ಕೂರಿಸಿ, ತಮ್ಮ ಮನೆಯ ಸಾರನ್ನೇ ಬಡಿಸಿದರು. ತಿಳಿಯಾಗಿತ್ತು, ಹದವಾಗಿತ್ತು. ನಿಂಬೆಹಣ್ಣಿನ ಸುಳಿವೇ ಇರಲಿಲ್ಲ. "ನಮ್ಮ ಅಜ್ಜಿಯ ಅಜ್ಜಿ ಕಾಲದಿಂದ ನಾವು ಹುಳಿ ಕಮ್ಮಿ" ಎಂದರು ಅವರು ಪ್ರೀತಿಯಿಂದ. ಭಾವ ಅರ್ಧಕ್ಕೇ ಬಿಟ್ಟು ಕೈ ತೊಳೆದರು.

ವಾಪಸ್ಸು ಬರುವಾಗ ರೈಲಿನಲ್ಲಿ ಕಿಟಕಿಗೆ ಬೆನ್ನು ಹಾಕಿ ಕೂತರು. ಮನೆ ಹತ್ತಿರ ಬಂದಾಗ, "ಆ ಊರೇ ಹಾಳಾಗಿ ಹೋಗಿದೆ ಕಣೋ. ತಮ್ಮ ಅಡುಗೆ ತಮಗೇ ಗೊತ್ತಿಲ್ಲ" ಎಂದರು. ಆದರೆ ದನಿಯಲ್ಲಿ ಬಲ ಇರಲಿಲ್ಲ.

ಹೆಡ್‌ಮೇಡಂ ಮುಂದೆ ಹೇಳಿದಾಗ ಅವರು ಕನ್ನಡಕದ ಮೇಲಿಂದ ನೋಡಿ, "ನೀನು ತಪ್ಪು ಬೀದಿಗೆ ಹೋಗಿರ್ತೀಯ" ಎಂದು ಮುಗಿಸಿಬಿಟ್ಟರು.

ಇನ್ನು ಉಳಿದದ್ದು ಒಬ್ಬರೇ, ಭಾವನ ಸೋದರತ್ತೆ. ಅಜ್ಜಿಯ ಮಕ್ಕಳಲ್ಲಿ ಬದುಕಿರುವವರು ಅವರೊಬ್ಬರೇ. ಸೈಕಲ್ ಅಂಗಡಿಯ ಮೇಲಿನ ಮನೆಯಲ್ಲಿ ಮಗಳ ಜೊತೆ ಇದ್ದರು. ನೋಡಲು ಹಿಡಿಯಷ್ಟು, ಮಾತು ಮಾತ್ರ ಗಟ್ಟಿ. ಭಾವ ಹೋಗಿ ಸಾರಿನ ವಿಷಯ ತೆಗೆದರೆ ಅವರು ಮೊಣಕಾಲು ನೋವಿನ ವಿಷಯ ತೆಗೆಯುತ್ತಿದ್ದರು. ಮತ್ತೊಂದು ಸಲ ಹೋದರೆ, "ಚಹಾ ಕುಡಿ, ಆರಿಹೋಗುತ್ತೆ" ಎನ್ನುತ್ತಿದ್ದರು. ಕಿವಿ ಕೇಳುವುದಿಲ್ಲ ಎಂದೂ ಒಂದು ದಿನ ನಾಟಕ ಮಾಡಿದರು. ಕೆಳಗೆ ಸೈಕಲ್ ಬೆಲ್ಲು ಬಾರಿಸಿದರೆ ಕೇಳುತ್ತಿತ್ತು, ಭಾವನ ಪ್ರಶ್ನೆ ಕೇಳುತ್ತಿರಲಿಲ್ಲ.

ಒಂದು ಭಾನುವಾರ ಭಾವನ ತಾಳ್ಮೆ ಕಿತ್ತುಹೋಯಿತು. ನಾನೂ ಜೊತೆಗಿದ್ದೆ.

"ಅತ್ತೆ, ನೇರ ಹೇಳಿಬಿಡಿ. ಅಜ್ಜಿ ಆ ಊರಿನವಳೇ ಅಲ್ವಾ? ಎಲ್ಲಿಂದಲೋ ಎತ್ತಿಕೊಂಡು ಬಂದಿದ್ದರಾ? ಎಲ್ಲರೂ ಸೇರಿ ಸುಳ್ಳು ಹೇಳಿದ್ದೀರಾ?"

ಅತ್ತೆಯ ಮುಖ ಬಿಗಿಯಾಯಿತು. "ಬಾಯಿ ಮುಚ್ಚು. ಅಮ್ಮ ಆ ಊರಿನವಳೇ."

"ಹಾಗಾದರೆ ಸಾರು?"

"ಸಾರು ಆ ಊರಿನದಲ್ಲ."

"ಮತ್ತೆ ಯಾವ ಊರಿನದು?"

ಅವರು ಸೆರಗಿನಿಂದ ಮೂಗು ಒರೆಸಿಕೊಂಡು ಹೇಳಿದರು.

"ನಿನ್ನ ಅಜ್ಜಿಗೆ ವಾಸನೆ ಗೊತ್ತಾಗ್ತಿರಲಿಲ್ಲ ಕಣೋ."

ಮೊದಲ ಮಗು ಹುಟ್ಟಿದ ಮೇಲೆ ಅಜ್ಜಿಗೆ ಒಂದು ದೊಡ್ಡ ಜ್ವರ ಬಂದಿತ್ತು. ಬದುಕಿದಳು, ಆದರೆ ಮೂಗು ಸತ್ತುಹೋಯಿತು. ಸೀದರೆ ತಿಳಿಯದು, ಹಾಲು ಕೆಟ್ಟರೆ ತಿಳಿಯದು. ನಾಲಿಗೆಗೂ ಉಪ್ಪು, ಹುಳಿ ಬಿಟ್ಟರೆ ಮತ್ತೇನೂ ತಲುಪುತ್ತಿರಲಿಲ್ಲ. ಯಾರಿಗೂ ಹೇಳಲಿಲ್ಲ. ಹೇಳಿದರೆ ಗಂಡನ ತಾಯಿ ಅಡುಗೆಮನೆ ಬಿಡಿಸಿ, ಕುಂದು ಇರುವ ಸೊಸೆ ಎಂದು ಮೂಲೆಗೆ ಕೂರಿಸುತ್ತಾಳೆ ಎಂಬ ಭಯ. ಆಗ ಗೊತ್ತಿದ್ದದ್ದು ಗಂಡನಿಗೊಬ್ಬನಿಗೆ.

"ಒಂದಿನ ಅಪ್ಪ ಕಾರ್ಖಾನೆಯ ಮೇಸ್ತ್ರಿಯನ್ನ ಊಟಕ್ಕೆ ಕರ್ಕೊಂಡು ಬಂದ್ರು" ಎಂದರು ಅತ್ತೆ. "ಅಮ್ಮ ತೊಟ್ಟಿಲಲ್ಲಿ ಅಳ್ತಿದ್ದ ನಿನ್ನ ಅಪ್ಪನನ್ನ ಎತ್ತಿಕೊಂಡು ಆ ಕಡೆ ಹೋಗಿದ್ದಳು. ಒಲೆ ಮೇಲೆ ಈರುಳ್ಳಿ, ಹಿಟ್ಟು ಎರಡೂ ಕರಕಲು. ಕಪ್ಪಗಾದದ್ದು ಕಂಡರೂ ಎಷ್ಟು ಸೀದಿದೆ ಅಂತ ಅವಳಿಗೆ ಗೊತ್ತೇ ಆಗ್ಲಿಲ್ಲ. ಅದನ್ನೇ ಕುದಿಸಿ, ರುಚಿ ಸಾಲದು ಅಂತ ನಿಂಬೆಹಣ್ಣು ಹಿಂಡಿ ಹಿಂಡಿ ಬಡಿಸಿದಳು. ಮೇಸ್ತ್ರಿ ಮುಖ ಹೇಗೋ ಆಯ್ತು. ಅಪ್ಪ ತಟ್ಟನೆ ಹೇಳಿದ್ರು, ಇದು ಇವಳ ಊರ ಸಾರು, ಅಲ್ಲಿ ಹೀಗೇ ಮಾಡೋದು ಅಂತ. ಊರಿನ ಹೆಸರು ಕೇಳಿದ ಮೇಲೆ ಅವನೇನು ಮಾಡ್ತಾನೆ? ಮರ್ಯಾದೆಗೆ ಇನ್ನೆರಡು ತುತ್ತು ತಿಂದ. ಆಮೇಲೆ ಇನ್ನೊಂದು ಬಟ್ಟಲು ಕೇಳಿದ!"

ಆಮೇಲೆ ಮೇಸ್ತ್ರಿ ಬಂದಾಗೆಲ್ಲ ಅದೇ ಸಾರು ಕೇಳತೊಡಗಿದ. ಮನೆಯವರಿಗೂ ಬಾಯಿ ಹತ್ತಿತು. ಇಷ್ಟೆಲ್ಲ ಅತ್ತೆಗೆ ಗೊತ್ತಾದದ್ದು ದೊಡ್ಡವರಾದ ಮೇಲೆ, ತಂದೆಯ ಬಾಯಿಂದಲೇ. ಚಿಕ್ಕವರಿದ್ದಾಗ ಒಮ್ಮೆ "ಅಮ್ಮ, ಸೀದಿದೆ" ಎಂದದ್ದಕ್ಕೆ ತಂದೆ ಹೊರಗೆ ಕರೆದು ಕಿವಿ ಹಿಂಡಿದ್ದರು.

"ಬೇರೆ ಎಲ್ಲದಕ್ಕೂ ನಾನೇ ಅವಳ ಮೂಗು" ಎಂದರು ಅತ್ತೆ. "ಹಾಲು ಮೂಸಿ ಹೇಳ್ತಿದ್ದೆ, ಎಣ್ಣೆ ಮೂಸಿ ಹೇಳ್ತಿದ್ದೆ. ಮದುವೆಯಾಗಿ ಹೊರಟಾಗ ಎಲ್ಲರೂ ನಾನು ತವರು ಬಿಡೋದಕ್ಕೆ ಅಳ್ತಿದ್ದೀನಿ ಅಂದುಕೊಂಡ್ರು. ನನಗೆ ನಾಳೆ ಹಾಲು ಯಾರು ಮೂಸ್ತಾರೆ ಅಂತ ಚಿಂತೆ."

ಭಾವ ಎದ್ದು ನಿಂತರು. "ಅಂದರೆ ನಾನು ಇಷ್ಟು ವರ್ಷ..." ಎಂದು ಶುರುಮಾಡಿ ಚಪ್ಪಲಿ ಹುಡುಕತೊಡಗಿದರು. ಕಾಲಲ್ಲೇ ಇತ್ತು.

ದಾರಿಯುದ್ದಕ್ಕೂ ಬೈದರು. ಅಜ್ಜನನ್ನು ಬೈದರು, ಮೇಸ್ತ್ರಿಯನ್ನು ಬೈದರು, ಇಷ್ಟು ದಿನ ಬಾಯಿ ಬಿಡದ ಅತ್ತೆಯನ್ನು ಬೈದರು. "ಯಾರ ಹತ್ತಿರ ಏನಂತ ಹೇಳಲಿ? ನಮ್ಮ ಮನೆತನದ ಅಡುಗೆ ಏನು ಅಂದರೆ ಸೀದ ಈರುಳ್ಳಿ ಅನ್ನಲಾ?"

ಮನೆಯಲ್ಲಿ ಅಕ್ಕ ಕೇಳಿದವಳೇ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗು ಮುಗಿದ ಮೇಲೆ ಅವಳಿಗೂ ಸಿಟ್ಟು ಏರಿತು.

"ನಾನು ಬಂದ ಹೊಸದರಲ್ಲಿ ಸೀಯದ ಹಾಗೆ ಮಾಡಿದ್ದೆ ನೆನಪಿದೆಯೇನ್ರೀ? ನಿಮ್ಮಮ್ಮ ಪಾತ್ರೆ ಎತ್ತಿ ಸಿಂಕಿಗೆ ಸುರಿದರು. ನಮ್ಮ ಕಡೆಯವರಿಗೆ ಅಡುಗೆ ಗೊತ್ತಿಲ್ಲ ಅಂದರು. ಇದು ಸೀದ ಸಾರು ಅಂತ ನಾನು ಅವತ್ತೇ ಹೇಳಿದ್ದೆ! ಹೊಗೆ ಕುಡಿದು ಕುಡಿದು ಸೀಯಿಸೋದು ಕಲಿತೆ. ಇನ್ನು ನನ್ನ ಕೈಲಿ ಆಗಲ್ಲ. ಬೇಕಾದವರು ತಾವೇ ಸೀಯಿಸಿಕೊಳ್ಳಿ."

ಹೇಳಿದ ಹಾಗೇ ಮಾಡಿದಳು. ಡಬ್ಬಿಯಲ್ಲಿ ಊರ ಸಾರು ಬರುವುದು ನಿಂತಿತು.

ಹೆಡ್‌ಮೇಡಂ ಮನೆಯಲ್ಲಿ ಇನ್ನೂ ಕೆಟ್ಟದಾಯಿತು. ಭಾವ ಸಮಾಧಾನದಲ್ಲೇ ಹೇಳಿದರು, ನಾನು ಸಾಕ್ಷಿ. ಅವರು ಹೆಣೆಯುತ್ತಿದ್ದ ಸ್ವೆಟರನ್ನು ಕೆಳಗಿಟ್ಟು, "ಸತ್ತುಹೋದ ಅಜ್ಜಿಯ ಮೂಗಿನ ಮೇಲೆ ಕಥೆ ಕಟ್ತೀಯಲ್ಲ, ನಾಚಿಕೆ ಆಗಲ್ವಾ?" ಎಂದರು.

"ನಾನು ಕಟ್ಟಿದ್ದಲ್ಲ ಅಕ್ಕ. ಅತ್ತೆ ಹೇಳಿದ್ದು."

"ಅತ್ತೆಗೆ ಅರಳುಮರಳು."

"ನಿಂಬೆಗಿಡ ಎಲ್ಲಿತ್ತು ಹೇಳು? ನಾನು ನೋಡಿ ಬಂದೆ, ಒಂದೂ ಇಲ್ಲ!"

"ಕಡಿದಿರ್ತಾರೆ."

"ನಿನಗೆ ಯಾರು ಹೇಳಿದ್ರು ಇತ್ತು ಅಂತ?"

"ನನಗೆ ಗೊತ್ತು." ಅವರು ಕನ್ನಡಕ ಕಳಚಿದರು. "ನನ್ನ ಮಕ್ಕಳಿಗೆ, ಮೊಮ್ಮಕ್ಕಳಿಗೆ ಹೇಳಿದ್ದೀನಿ. ಅದನ್ನ ಕಿತ್ತುಕೊಳ್ಳೋಕೆ ಬಂದಿದ್ದೀಯಾ? ನಿನಗೆ ಏನು ಸಿಗುತ್ತೆ ಅದರಿಂದ?"

ಭಾವ ಎದ್ದು ಹೊರಟರು. ಮೆಟ್ಟಿಲು ಇಳಿಯುವಾಗ ಮೇಲಿನಿಂದ ಬಾಗಿಲು ಧಡಾರೆಂದು ಹಾಕಿದ ಸದ್ದು ಕೇಳಿತು. ತಿಂಗಳುಗಟ್ಟಲೆ ಅಕ್ಕ ತಮ್ಮ ಮಾತಾಡಲಿಲ್ಲ. ಈಗ ಮಾತಾಡುತ್ತಾರೆ, ಹವೆ, ಆರೋಗ್ಯ, ಮಕ್ಕಳ ಪರೀಕ್ಷೆ. ಸಾರಿನ ಸುದ್ದಿ ಇಬ್ಬರೂ ಎತ್ತುವುದಿಲ್ಲ. ಹೆಡ್‌ಮೇಡಂ ಕಥೆಯಲ್ಲಿ ಆ ಊರಿಗೆ ಈಗ ಒಂದು ತೊರೆಯೂ ಬಂದಿದೆ ಎಂದು ಕೇಳಿದ್ದೇನೆ.

ಅಷ್ಟರಲ್ಲಿ ನರ್ಸಮ್ಮ ಮತ್ತೆ ಅಂಗಡಿಗೆ ಬಂದರು. ಗೋಡೆಗೆ ಒರಗಿದ ತಮ್ಮ ಸೋಫಾ ನೋಡಿ ಸೊಂಟದ ಮೇಲೆ ಕೈ ಇಟ್ಟರು. "ಒಂದು ಚಮಚ ಸಾರಿಗೆ ನನ್ನ ಸೋಫಾ ಒತ್ತೆ ಇಟ್ಟುಕೊಂಡಿದ್ದೀರಲ್ರೀ! ತಗೊಳ್ಳಿ, ಚೆನ್ನಾಗಿತ್ತು ಅಂತ ಹೇಳ್ತೀನಿ. ಈಗಲಾದರೂ ಹೊಲಿದು ಕೊಡಿ."

ಭಾವನ ಕೈ ಅಭ್ಯಾಸದ ಮೇಲೆ ಡಬ್ಬಿಗೆ ಹೋಯಿತು, ಅಲ್ಲೇ ನಿಂತಿತು. ಏನನ್ನಿಸಿತೋ, ಅಜ್ಜಿಯ ವಿಷಯ ಇದ್ದಕ್ಕಿದ್ದಂತೆ ಅವರ ಮುಂದೆ ಹೇಳಿಬಿಟ್ಟರು. ಮನೆಯವರ ಮುಂದೆ ಹೇಳಿದ್ದಕ್ಕಿಂತ ಚೆನ್ನಾಗಿಯೇ ಹೇಳಿದರು. ನಗುತ್ತಾರೆ ಎಂದು ನಾನು ಕಾದೆ. ನರ್ಸಮ್ಮ ನಗಲಿಲ್ಲ. ಪಕ್ಕದ ಸ್ಟೂಲ್ ಎಳೆದುಕೊಂಡು ಕೂತರು.

"ಅಂಥವರನ್ನ ವಾರ್ಡಿನಲ್ಲಿ ನೋಡಿದ್ದೀನಿ" ಎಂದರು. "ಊಟ ರುಚಿಸಲ್ಲ ಅಂತ ಅವರು ಅಷ್ಟಾಗಿ ಅಳಲ್ಲ. ಒಬ್ಬಳು ಬಾಣಂತಿ ಇದ್ದಳು. ಮಗುವಿನ ತಲೆ ಮೂಸಿ ಮೂಸಿ ಅಳ್ತಿದ್ದಳು. ಏನೂ ಬರ್ತಿಲ್ಲ ಸಿಸ್ಟರ್ ಅಂತ."

ಭಾವ ಸುತ್ತಿಗೆಯ ಹಿಡಿಯನ್ನು ತಿರುಗಿಸುತ್ತಾ ಕೂತರು. ನರ್ಸಮ್ಮ ಹೋದ ಮೇಲೆ ಮೂಲೆಯ ಸೋಫಾ ಎಳೆದು ಕೆಲಸಕ್ಕೆ ಹಾಕಿಕೊಂಡರು. ಸಂಜೆಯೊಳಗೆ ಪಟ್ಟಿ ಬಿಗಿದು ಸ್ಪ್ರಿಂಗು ಕಟ್ಟಿಯಾಗಿತ್ತು. ನಾನು ಅಂಗಡಿ ಮುಚ್ಚಲು ಎದ್ದಾಗ ಕೇಳಿದರು.

"ವಾಸನೆ ಗೊತ್ತಾಗದಿದ್ದರೆ, ಯಾವಾಗ ಇಳಿಸಬೇಕು ಅಂತ ಅವಳಿಗೆ ಹೇಗೆ ಗೊತ್ತಾಗ್ತಿತ್ತೋ? ಮೊದಲ ಸಲ ಆಕಸ್ಮಿಕ, ಸರಿ. ಆಮೇಲೆ ಪ್ರತಿ ಸಲ ಒಂದೇ ಥರ ಹೇಗೆ ಬಂತು?"

ನನಗೇನು ಗೊತ್ತು? ಅಕ್ಕನನ್ನು ಕೇಳಿದರೆ, "ನಾನು ವಾಸನೆ ಮೇಲೆ ಇಳಿಸ್ತಿದ್ದೆ, ನಿಮ್ಮಮ್ಮನೂ ಅಷ್ಟೆ" ಎಂದಳಂತೆ. ಅತ್ತೆಯನ್ನು ಕೇಳಿದರೆ, "ನಾನು ಹಾಲು ನೋಡ್ತಿದ್ದೆ, ಈರುಳ್ಳಿ ಕಡೆ ನೋಡಬಾರದು ಅಂತ ಅಪ್ಪ ಹೇಳಿದ್ರಲ್ಲ" ಎಂದರಂತೆ. ಬಣ್ಣ ನೋಡಿ ಇರಬಹುದು, ಬಾಣಲೆಯ ಸದ್ದು ಕೇಳಿ ಇರಬಹುದು, ಸೌಟಿಗೆ ಹಿಟ್ಟು ಎಷ್ಟು ಭಾರ ಅನ್ನಿಸುತ್ತದೆ ಎಂದೂ ಇರಬಹುದು. ತಿಳಿದವರು ಯಾರೂ ಉಳಿದಿಲ್ಲ.

ಹಾಗಾಗಿ ಭಾವ ಈಗ ತಾವೇ ಮಾಡುತ್ತಾರೆ. ಅಕ್ಕ ಅಡುಗೆಮನೆಗೆ ಬಿಡುವುದಿಲ್ಲ, ಅಂಗಡಿಯ ಹಿಂದಿನ ಅಂಗಳದಲ್ಲಿ ಒಂದು ಸ್ಟೌವ್ ಇಟ್ಟುಕೊಂಡಿದ್ದಾರೆ. ಮೇಲಿನ ಮನೆಯವರು ಹೊಗೆಗೆ ಬೈದು ಕಿಟಕಿ ಹಾಕಿಕೊಳ್ಳುತ್ತಾರೆ. ವಾಸನೆ ಬರದ ಹಾಗೆ ಮೂಗಿಗೆ ರೆಕ್ಸಿನ್ ತುಂಡೊಂದನ್ನು ಮಡಿಸಿ ಬಟ್ಟೆಯಿಂದ ಬಿಗಿಯಾಗಿ ಕಟ್ಟಿಕೊಂಡು, ಬಾಯಲ್ಲಿ ಉಸಿರಾಡುತ್ತಾ, ಬಾಣಲೆಯ ಮೇಲೆ ಬಗ್ಗಿ ನಿಂತಿರುತ್ತಾರೆ. ನೋಡಿದವರು ಕಳ್ಳನೋ ಏನೋ ಅಂದುಕೊಳ್ಳಬೇಕು. ಇವತ್ತೂ ಹಾಗೇ ನಿಂತಿದ್ದರು. ಬಣ್ಣ ನೋಡಿದರು, ಸೌಟು ಆಡಿಸಿದರು, ಕಿವಿ ಬಗ್ಗಿಸಿ ಕೇಳಿದರು, ಇಳಿಸಿದರು, ಅದೇ ಬಾಣಲೆಗೆ ಈರುಳ್ಳಿ, ನೀರು ಹಾಕಿ ಕುದಿಸಿ ನಿಂಬೆಹಣ್ಣು ಹಿಂಡಿದರು. ಬಟ್ಟೆ ಬಿಚ್ಚದೆಯೇ ನನಗೊಂದು ಚಮಚ ಚಾಚಿದರು.

"ಹೇಳು."

"ಬೇಗ ಇಳಿಸಿದ್ದೀರಿ ಭಾವ. ಬರೀ ಈರುಳ್ಳಿ ರುಚಿ."

"ನಿನ್ನೆ ತಡ ಆಯ್ತು ಅಂದೆ!"

"ನಿನ್ನೆ ತಡ ಆಗಿತ್ತು."

ಭಾವ ಬಾಣಲೆಯನ್ನು ಅಂಗಳದ ಕಲ್ಲಿನ ಮೇಲೆ ಕುಕ್ಕಿದರು. ಸಾರು ಚೆಲ್ಲಿ ಅಂಗಿಗೆ ಹಾರಿತು. ಕಟ್ಟಿದ ಮೂಗಿನಿಂದಲೇ ಅಜ್ಜನಿಂದ ಶುರುಮಾಡಿ ಎಲ್ಲರನ್ನೂ ಒಂದು ಸುತ್ತು ಬೈದರು. ಮಾತು ಒಂದೂ ಸ್ಪಷ್ಟವಾಗಿ ಕೇಳಿಸಲಿಲ್ಲ. ಆಮೇಲೆ ಮೂಲೆಯ ಚೀಲ ಬಗ್ಗಿಸಿ ಇನ್ನೂ ಈರುಳ್ಳಿ ಇದೆಯಾ ಎಂದು ತಡಕಿ ನೋಡತೊಡಗಿದರು.